ದಿವಾದಲ್ಲೇ ಎದ್ದು ನಿಲ್ಲುವವನ ಕುದುರೆ ಸವಾರಿ

ಮುಂಬೈ ಲೋಕಲ್ ರೈಲಿನಲ್ಲಿ ಡೊಂಬಿವಲಿಯಲ್ಲಿ ಇಳಿಯಬೇಕಾದವನು ಅದಕ್ಕೂ ಮೊದಲಿನ ದಿವಾದಲ್ಲೇ ಎದ್ದು ನಿಲ್ಲಬೇಕು. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಒಮ್ಮೆ ಇಳಿಯಲಾಗದೆ "ಉತರ್‌ನಾ ಹೈ, ಉತರ್‌ನಾ ಹೈ" ಎಂದು ಅರಚುತ್ತ ಮುಂದಿನ ಸ್ಟೇಷನ್ ಠಾಕುರ್ಲಿ ನೋಡಿ ಬಂದವನಿಗೆ ಬುದ್ಧಿ ತಾನಾಗಿಯೇ ಬರುತ್ತದೆ. ಸಂಜೆ ಠಾಣೆಯ ಆಫೀಸು ಬಿಟ್ಟು ಸ್ಲೋ ಗಾಡಿ ಹಿಡಿಯುತ್ತೇನೆ. ಅದೃಷ್ಟ ಚೆನ್ನಾಗಿದ್ದರೆ ನಾಲ್ಕನೇ ಸೀಟು ಸಿಗುತ್ತದೆ. ಅಂದರೆ ಮೂವರು ಕೂರುವ ಬೆಂಚಿನ ತುದಿಯಲ್ಲಿ ಅರ್ಧ ಅಂಡು ಊರಲು ಜಾಗ. ಆ ಸುಖವೂ ಮುಂಬ್ರಾ ದಾಟುವವರೆಗೆ. ದಿವಾ ಬರುತ್ತಿದ್ದ ಹಾಗೆ ನನ್ನ ಮೈ ನನ್ನನ್ನು ಕೇಳದೆ ಏಳುತ್ತದೆ. ಬೆನ್ನಿನ ಬ್ಯಾಗು ಎದೆಗೆ ಬರುತ್ತದೆ, ಕೈ ಮುಂದಿನವನ ಹೆಗಲು ತಟ್ಟಿ "ಡೊಂಬಿವಲಿ?" ಎಂದು ವಿಚಾರಿಸುತ್ತದೆ, ಬಲಗಾಲು ಬಾಗಿಲಿನ ಕಡೆಗೆ ತಿರುಗಿ ನಿಲ್ಲುತ್ತದೆ. ನಿದ್ದೆಯಲ್ಲೂ ಹೀಗೆಯೇ ಆಗುತ್ತದೆಂದು ನನ್ನ ಹೆಂಡತಿ ವಸಂತಿ ಹೇಳುತ್ತಾಳೆ. ನಾನು ನಂಬಿಲ್ಲ.

ಈ ಅಭ್ಯಾಸ ರೈಲಿನೊಳಗೇ ಉಳಿದಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ. ಮದುವೆ ಊಟದಲ್ಲಿ ಪಾಯಸ ಬಂತೆಂದರೆ ನನ್ನ ಒಂದು ಕಾಲು ಎಲೆಯ ಆಚೆಗಿರುತ್ತದೆ. ಸಿನಿಮಾದಲ್ಲಿ ಪೊಲೀಸರ ಜೀಪು ಬರುತ್ತಿದ್ದ ಹಾಗೆ, "ಏಳು ಏಳು, ಆಮೇಲೆ ರಿಕ್ಷಾ ಸಿಗೋದಿಲ್ಲ" ಎಂದು ವಸಂತಿಯನ್ನು ಎಬ್ಬಿಸುತ್ತೇನೆ. ಒಮ್ಮೆ ಊರಿನ ಮೇಳದವರು ಡೊಂಬಿವಲಿಗೆ ಬಂದು ಯಕ್ಷಗಾನ ಆಡಿದ್ದರು. ವಸಂತಿ ಕಾರ್ಕಳದ ಕಡೆಯವಳು, ಚೆಂಡೆ ಕೇಳಿದರೆ ಅವಳ ಮುಖವೇ ಬೇರೆ. ಕೊನೆಯ ಯುದ್ಧ ಶುರುವಾಗುತ್ತಲೇ ನಾನು ಎದ್ದೆ, ಅವಳೂ ಏಳಬೇಕಾಯಿತು. "ಆ ರಾಕ್ಷಸ ಸತ್ತನಾ ಇಲ್ವಾ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ ಮಾರಾಯ್ರೆ" ಎಂದು ಬಂದವರ ಎದುರೆಲ್ಲ ಹೇಳುತ್ತಾಳೆ. ರಾಕ್ಷಸ ಸಾಯದೆ ಎಲ್ಲಿಗೆ ಹೋಗುತ್ತಾನೆ ಎನ್ನುವುದು ನನ್ನ ವಾದ.

ನಮ್ಮ ಮಗಳು ಶ್ರುತಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಬೆಳ್ಳಿಯದ್ದೇನಾದರೂ ಕೊಡಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕೊಡಿಸಿದ್ದು ಕುದುರೆ ಸವಾರಿ. ಮುರಬಾಡದ ಕಡೆಯ ಹಳ್ಳಿಗಾಡಿನಲ್ಲಿ ಹಗಲೆಲ್ಲ ಕುದುರೆ ಮೇಲೆ, ರಾತ್ರಿ ಡೇರೆಯಲ್ಲಿ, ಹೀಗೆ ಕೆಲವು ದಿನ ತಿರುಗಿ, ಕೊನೆಯ ಸಂಜೆ ಒಂದು ಬೆಟ್ಟದ ನೆತ್ತಿ ಹತ್ತಿ ಸೂರ್ಯಾಸ್ತ ನೋಡುವುದು. ವಸಂತಿ ಒಂದೇ ಮಾತು ಕೇಳಿದಳು: "ಸೂರ್ಯ ಪೂರ್ತಿ ಮುಳುಗುವವರೆಗೆ ಅಲ್ಲೇ ಇರ್ತಾರಾ?" ಇರುತ್ತಾರಂತೆ ಎಂದ ಮೇಲೆ ಅವಳು ಹಳೆಯ ಚೂಡಿದಾರಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಲು ಕೂತಳು. ಹೊರಡುವಾಗ ಶ್ರುತಿ ನನ್ನ ಕೈ ಹಿಡಿದು, "ಪಪ್ಪಾ, ಪ್ಲೀಸ್, ಬೀಚ್ ಮೇ ಮತ್ ಉತರ್‌ನಾ" ಎಂದಳು. ನಡುವೆ ಇಳಿಯಬೇಡ ಅಂತೆ! ನಾನೇನು ಮಗುವೇ?

ನಮ್ಮನ್ನು ಕರೆದೊಯ್ಯುವವಳು ಮೃಣಾಲ್ ಎಂಬ ಹುಡುಗಿ. ಖಾರಘರದವಳು, ಆಫೀಸು ಬಿಟ್ಟು ಕುದುರೆ ಹಿಡಿದವಳು. ಸವಾರರೆಂದರೆ ನಾವಿಬ್ಬರೇ, ಸಾಮಾನು, ಡೇರೆ, ಅಡುಗೆಯೆಲ್ಲ ಬೇರೆ ದಾರಿಯಲ್ಲಿ ಜೀಪಿನಲ್ಲಿ ಬರುತ್ತಿತ್ತು. ನನಗೆ ಗುಲಾಬ್ ಎಂಬ ಕುದುರೆ, ವಸಂತಿಗೆ ಮೈನಾ. ಗುಲಾಬ್ ಎಂದರೆ ಏನೋ ನಾಜೂಕಿನದ್ದು ಎಂದುಕೊಂಡಿದ್ದೆ. ಅಯ್ಯಪ್ಪಾ, ಅದರ ಬೆನ್ನು ನನ್ನ ಕಣ್ಣಿನ ಮಟ್ಟಕ್ಕಿತ್ತು! ಹತ್ತುವಾಗ ಅಭ್ಯಾಸಬಲದಿಂದ ಓಡಿಬಂದು ಹಾರಿದೆ. "ಅಂಕಲ್, ಅದು ನಿಂತಿದೆ, ಹೊರಡುವುದಿಲ್ಲ" ಎಂದಳು ಮೃಣಾಲ್. ಹೇಗೋ ಹತ್ತಿ ಕೂತೆ. ಕೂತ ಮೇಲೆ ಆಗಿದ್ದನ್ನು ಹೇಗೆ ಹೇಳಲಿ? ಇಡೀ ಜೀನು ನನ್ನೊಬ್ಬನದೇ. "ಥೋಡಾ ಸರಕೋ" ಎನ್ನುವವರಿಲ್ಲ, "ಎಲ್ಲಿ ಇಳಿತೀರಿ?" ಎಂದು ಸೀಟಿಗೆ ಹೊಂಚು ಹಾಕುವವರಿಲ್ಲ. ಆದರೂ ನಾನು ಅರ್ಧ ಗಂಟೆ ಒಂದು ಬದಿಗೆ ಸರಿದೇ ಕೂತಿದ್ದೆ. ಬೇರೆ ಯಾರೋ ಬರುತ್ತಾರೇನೋ ಎಂದು.

"ಕುದುರೆ ನಿಮ್ಮ ತೂಕ ಕೇಳಿಸಿಕೊಳ್ಳುತ್ತದೆ" ಎಂದು ಮೃಣಾಲ್ ಹಿಂದಿಯಲ್ಲಿ ವಿವರಿಸಿದಳು. "ಮುಂದೆ ವಾಲಿದರೆ ನಡೆ ಎಂದು. ಹಿಂದೆ ವಾಲಿ ರಿಕಾಬಿನ ಬಳೆಯಿಂದ ಕಾಲು ತೆಗೆದರೆ, ಸಾಕು ನಿಲ್ಲು ಎಂದು." ಇಷ್ಟೆಯೇ ಎಂದುಕೊಂಡೆ. ಆದರೆ ದಾರಿ ಸಾಗಿದ ಹಾಗೆ ನನಗೆ ಒಂಥರಾ ಭಯಭಕ್ತಿಯೇ ಹುಟ್ಟಿತು. ನಾನು ಎಡಗಡೆಯ ಹಿಪ್ಪೆಮರವನ್ನು ಸುಮ್ಮನೆ ನೋಡಿದರೆ ಅದರ ಎಡಗಿವಿ ಆ ಕಡೆ ತಿರುಗುತ್ತಿತ್ತು. ಒಂದು ನೊಣ ಕೂತರೆ, ಅಷ್ಟು ದೊಡ್ಡ ಮೈಯಲ್ಲಿ ಆ ರೂಪಾಯಿಯಗಲದ ಚರ್ಮ ಮಾತ್ರ ನಡುಗುತ್ತಿತ್ತು. ಅದರ ಉಸಿರು ನನ್ನ ತೊಡೆಗಳನ್ನು ಮೆಲ್ಲಗೆ ಅಗಲ ಮಾಡಿ ಮತ್ತೆ ಹತ್ತಿರ ತರುತ್ತಿತ್ತು. ಇಷ್ಟು ವರ್ಷ ಎಷ್ಟು ಜನರ ಉಸಿರಿಗೆ ಅಂಟಿಕೊಂಡು ಓಡಾಡಿದ್ದೇನೆ, ಒಂದನ್ನೂ ಹೀಗೆ ಗಮನವಿಟ್ಟು ಕೇಳಿದವನಲ್ಲ.

ಆ ಊರುಗಳೋ! ನಮ್ಮ ಲೈನಿನ ಶಹಾಡ್‌ನಿಂದ ಬಸ್ಸು ಹತ್ತಿದರೆ ಸಿಗುವ ಜಾಗದಲ್ಲಿ ಇಂಥದ್ದೊಂದು ಲೋಕವಿದೆ ಎಂದು ಯಾರಾದರೂ ಹೇಳಬಾರದಿತ್ತೇ? ಮಳೆ ಆಗಷ್ಟೇ ಬಿಟ್ಟಿತ್ತು. ಭತ್ತದ ತೆನೆ ಕುದುರೆಯ ಹೊಟ್ಟೆಗೆ ತಾಗುತ್ತಿತ್ತು, ಸಾಗುವಾನಿಯ ಎಲೆ ನನ್ನ ಮುಖಕ್ಕೆ. ಪಾಡಾ ಎನ್ನುವ ಪುಟ್ಟ ಪುಟ್ಟ ಕೇರಿಗಳ ಅಂಗಳದಲ್ಲಿ ಹೆಂಗಸರು ಸೌದೆ ಒಣಗಿಸುತ್ತ "ಕುಠೂನ್ ಆಲಾತ್?" ಎಂದು ಕೇಳುತ್ತಿದ್ದರು. ಎಲ್ಲಿಂದ ಬಂದಿರಿ ಎಂದು ಕೇಳುವವರು, ಎಲ್ಲಿ ಇಳಿಯುತ್ತೀರಿ ಎಂದಲ್ಲ! "ಡೊಂಬಿವಲಿ" ಎಂದರೆ, ಕುದುರೆ ಮೇಲೆಯೇ ಅಷ್ಟು ದೂರದಿಂದ ಬಂದೆವೆಂದು ತಿಳಿದು ಬಾಯಿಯ ಮೇಲೆ ಕೈಯಿಡುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ.

ಇನ್ನು ವಸಂತಿ. ಮಂಡಿ ನೋವಿನವಳು, ಇವಳೇ ಮೊದಲು ಜೀಪು ಸೇರುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಅವಳೋ ಬೆನ್ನು ನೆಟ್ಟಗೆ ಮಾಡಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಲಗಾಮನ್ನು ಮಲ್ಲಿಗೆ ದಂಡೆ ಹಿಡಿದಷ್ಟು ಹಗುರವಾಗಿ ಹಿಡಿದು ಸಾಗುತ್ತಿದ್ದಳು. ಮೈನಾ ಕಿವಿಯಲ್ಲಿ ತುಳುವಿನಲ್ಲಿ ಏನೇನೋ ಹೇಳುತ್ತಿದ್ದಳು, ಮೈನಾ ತಲೆಯಾಡಿಸುತ್ತಿತ್ತು. ನಾನು ಬಿಟ್ಟ ಬಾಯಿ ಮುಚ್ಚದೆ ನೋಡಿದೆ. ಕುಕ್ಕರಿನ ಸೀಟಿ ಎಣಿಸುವ ಇವಳೊಳಗೆ ಇಷ್ಟು ದಿನ ಇವಳು ಎಲ್ಲಿದ್ದಳು?

ಮರುದಿನ ಕಾಳು ನದಿ ದಾಟುವುದಿತ್ತು. ನೀರು ಕುದುರೆಯ ಮೊಣಕಾಲಿಗೆ, ತಳದ ಕಲ್ಲೆಲ್ಲ ಕಾಣುವಷ್ಟು ತಿಳಿ. ವಸಂತಿ, ಮೃಣಾಲ್ ದಾಟಿಯಾಗಿತ್ತು. ನಾನು ನಡುನೀರಿನಲ್ಲಿದ್ದಾಗ ಆಚೆ ದಡದಲ್ಲಿ ಜೀಪು, ಹೊಗೆಯಾಡುವ ಒಲೆ ಕಂಡವು. ಊಟದ ಜಾಗ ಬಂತು! ಆಮೇಲೆ ಆಗಿದ್ದಕ್ಕೆ ನಾನು ಹೊಣೆಯಲ್ಲ. ಬ್ಯಾಗು ಎದೆಗೆ ಬಂತು. ಮೈ ಹಿಂದೆ ವಾಲಿತು. ಬಲಗಾಲು ರಿಕಾಬು ಬಿಟ್ಟು ಇಳಿಯಲು ಸಿದ್ಧವಾಗಿ ನಿಂತಿತು. ಪಾಪ, ಗುಲಾಬ್ ಹೇಳಿದ ಮಾತು ಕೇಳುವ ಪ್ರಾಣಿ. ಗಕ್ಕನೆ ನಿಂತಿತು. ನೀರು ಕುಡಿಯಿತು. ಆಮೇಲೆ ಮುಂಗಾಲಿನಿಂದ ಛಳಕ್ ಛಳಕ್ ಎಂದು ನೀರು ಹೊಡೆಯತೊಡಗಿತು. "ಅಂಕಲ್, ನಡೆಸಿ, ನಡೆಸಿ! ಅದು ಮಲಗುತ್ತದೆ!" ಎಂದು ಮೃಣಾಲ್ ಕೂಗಿದಳು. ಕುದುರೆ ಮಲಗುವುದೆಂದರೇನು ಎಂದು ನಾನು ಯೋಚಿಸುತ್ತಿದ್ದಂತೆ ಅದರ ಮುಂಗಾಲು ಮಡಚಿತು, ನಾನು ಬ್ಯಾಗಿನ ಸಮೇತ ನದಿಗಿಳಿದೆ. ದಡದಿಂದ ವಸಂತಿ, "ಎಂತ, ಸ್ಟೇಷನ್ ಬಂತಾ?" ಎಂದು ಕೇಳಿದಳು.

ಊಟವಾದ ಮೇಲೆ ಮೃಣಾಲ್ ಗಂಭೀರವಾದಳು. ಕೊನೆಯ ದಿನದ ಬೆಟ್ಟದ ದಾರಿ ಕಿರಿದು, ಒಂದು ಕಡೆ ಇಳಿಜಾರು. ಅಲ್ಲಿ ಕುದುರೆ ನಿಂತುಬಿಟ್ಟರೆ ಅಪಾಯ. "ಅಂಕಲ್, ನೀವು ಜೀಪಿನಲ್ಲಿ ಹೋಗುವುದು ಒಳ್ಳೆಯದು." ನದಿಯಲ್ಲಿ ಮುಳುಗಿಬಂದವನಿಗೆ ಜೀಪು ಕೆಟ್ಟದ್ದೇನಲ್ಲ ಎಂದುಕೊಂಡೆ. ಆದರೆ ಅವಳು ಮುಂದುವರಿಸಿದಳು: "ಹಾಗಾದರೆ ಆಂಟಿಯೂ ಜೀಪಿಗೇ ಬರಬೇಕಾಗುತ್ತದೆ. ಗುಲಾಬ್ ಇಲ್ಲದೆ ಮೈನಾ ಬೆಟ್ಟ ಹತ್ತುವುದಿಲ್ಲ, ಆ ದಾರಿಯಲ್ಲಿ ಖಾಲಿ ಕುದುರೆಯನ್ನು ಎಳೆದುಕೊಂಡು ಹೋಗಲು ನನಗಾಗುವುದಿಲ್ಲ. ಜೀಪು ಸುತ್ತಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ."

ವಸಂತಿ ಮೈನಾದ ಕುತ್ತಿಗೆಯ ಮೇಲಿದ್ದ ಒಣಹುಲ್ಲನ್ನು ಒಂದೊಂದಾಗಿ ಆರಿಸಿ ತೆಗೆದಳು. ಅವಳು ಬೈದಿದ್ದರೆ ನನಗೆ ಅಭ್ಯಾಸವಿತ್ತು, ಉತ್ತರವೂ ಇತ್ತು. "ನಾನು ಕುದುರೆ ಮೇಲೆಯೇ ಬರ್ತೇನೆ" ಎಂದೆ. "ಕಾಲು ತೆಗೆಯೋದಿಲ್ಲ." ಮೃಣಾಲ್ ನನ್ನ ಬಲಗಾಲನ್ನೇ ನೋಡಿದಳು, ನಂಬಿದ ಹಾಗೆ ಕಾಣಲಿಲ್ಲ. "ಒಮ್ಮೆ ತೆಗೆದರೂ ಎಲ್ಲರೂ ವಾಪಸು" ಎಂದಳು.

ಕೊನೆಯ ದಿನ ಹೊರಡುವ ಮೊದಲು ವಸಂತಿ ಹತ್ತಿರ ಬಂದು, ಮೆಲ್ಲಗೆ, "ನೋಡಿ, ಇದು ನಿಮ್ಮ ಸ್ಲೋ ಗಾಡಿ ಅಲ್ಲ. ಕಸಾರಾ ಲೋಕಲ್ ಹತ್ತಿದ್ದೀರಿ ಅಂತ ಎಣಿಸಿ" ಎಂದಳು. ಎಂಥ ಮಾತು! ಕಸಾರಾಕ್ಕೆ ಹೋಗುವವರನ್ನು ನಾನು ನೋಡಿದ್ದೇನೆ. ದಿವಾ ಬರಲಿ, ಡೊಂಬಿವಲಿ ಬರಲಿ, ಕಲ್ಯಾಣವೇ ಬರಲಿ, ಅವರು ಕಿಟಕಿಗೆ ತಲೆಯಾನಿಸಿ ಕದಲದೆ ಕೂತಿರುತ್ತಾರೆ. ಅವರ ಊರು ಲೈನಿನ ತುದಿಯಲ್ಲಿದೆ, ಅವಸರ ಮಾಡಿ ಪ್ರಯೋಜನವಿಲ್ಲ.

ದಾರಿ ಹೇಳಿದ ಹಾಗೆಯೇ ಇತ್ತು. ಎಡಗಡೆ ಬಂಡೆ, ಬಲಗಡೆ ಮರಗಳ ನೆತ್ತಿ. ಕೆಳಗೆ ನೋಡಿದರೆ ಗಿಡುಗವೊಂದು ನಮಗಿಂತ ಕೆಳಗೆ ಹಾರುತ್ತಿತ್ತು! ಹಕ್ಕಿಯ ಬೆನ್ನನ್ನು ಮೇಲಿನಿಂದ ನಾನು ನೋಡಿದ್ದು ಅದೇ ಮೊದಲು. ಒಂದು ತಿರುವಿನಲ್ಲಿ ಬಯಲು ಕಂಡಿತು, ನನ್ನ ಬಲಗಾಲು ತುರಿಸಿತು. ಇನ್ನೊಂದು ತಿರುವಿನಲ್ಲಿ ಬೆಟ್ಟದ ಆಚೆ ಬದಿಯಲ್ಲಿ ಈ ಕುದುರೆಗಳ ಲಾಯದ ಮಾಡು ಕಂಡಿತು, ಕೈ ಬ್ಯಾಗಿನ ಪಟ್ಟಿಗೆ ಹೋಯಿತು. ಹಿಂದಿನಿಂದ ವಸಂತಿಯ ದನಿ ಬಂತು: "ಹೋಯ್, ಕಸಾರಾ!" ಕೈ ಹಿಂದೆ ಬಂತು. ಗುಲಾಬ್ ನಿಲ್ಲಲಿಲ್ಲ. ನನ್ನ ಮೈಯೊಳಗೆ ಎದ್ದು ನಿಂತವನನ್ನು ನಾನು ಹೇಗೆ ಕೂರಿಸಿದೆನೋ, ನನಗೇ ಗೊತ್ತು.

ನೆತ್ತಿ ತಲುಪಿದೆವು. ಏನು ಹೇಳಲಿ? ಮೂರು ದಿಕ್ಕಿಗೂ ನೆಲ ಹರಡಿತ್ತು. ಗದ್ದೆ, ಕಾಡು, ನಡುವೆ ನಾನು ಬಿದ್ದ ನದಿ, ಅಷ್ಟು ದೂರದಲ್ಲಿ ಮಂಜಿನಂಥ ಕಂದು ಬಣ್ಣದಲ್ಲಿ ನಮ್ಮ ಊರುಗಳು. ಇಷ್ಟು ವರ್ಷ ಪ್ರಪಂಚವೆಂದುಕೊಂಡಿದ್ದು ಅಲ್ಲೊಂದು ಬೆರಳಿನಗಲ ಇತ್ತು. ಸೂರ್ಯ ಕೆಂಪಗೆ, ತಟ್ಟೆಯಷ್ಟು ದೊಡ್ಡದಾಗಿ, ಅದರ ಮೇಲೆಯೇ ಇಳಿಯುತ್ತಿದ್ದ. "ಹೊರಡೋಣವಾ, ಕತ್ತಲಾಗ್ತದೆ" ಎಂಬ ಮಾತು ನಾಲಿಗೆ ತುದಿಗೆ ಬಂದದ್ದು ನಿಜ. ನುಂಗಿದೆ.

ಆದರೆ ಗುಲಾಬ್ ನುಂಗಲಿಲ್ಲ. ಲಾಯದ ಹುಲ್ಲಿನ ವಾಸನೆ ಬಂದಿರಬೇಕು, ಸೂರ್ಯ ಅರ್ಧ ಮುಳುಗಿದಾಗ ಅದು ಮನೆಯ ಕಡೆ ಮುಖ ಮಾಡಿ ತಿರುಗಿ ನಿಂತಿತು. ಲಗಾಮು ಎಳೆದರೂ ಕದಲಲಿಲ್ಲ. ಕೆಲವೇ ದಿನಕ್ಕೆ ಅದೂ ಡೊಂಬಿವಲಿಯದಾಗಿತ್ತು. ಕೊಟ್ಟ ಮಾತಿಗೆ ಕಾಲು ತೆಗೆಯುವ ಹಾಗಿಲ್ಲ. ಸೂರ್ಯ ನನ್ನ ಬೆನ್ನ ಹಿಂದೆ, ವಸಂತಿ ನನ್ನ ಎದುರಿಗೆ. ಮೈನಾ ಮೇಲೆ ಅವಳು ಅಲ್ಲಾಡದೆ ಕೂತಿದ್ದಳು. ಮುಖದ ಮೇಲಿನ ಕೆಂಪು ಗದ್ದದಿಂದ ಕೆನ್ನೆಗೆ, ಕೆನ್ನೆಯಿಂದ ಹಣೆಗೆ ಏರಿ, ಕೊನೆಗೆ ಆರಿತು. ಆಗ ಅವಳು ಉದ್ದಕ್ಕೆ ಉಸಿರು ಬಿಟ್ಟು, "ಮುಗಿಯಿತು" ಎಂದಳು. ನಾನು ಆ ಸೂರ್ಯಾಸ್ತವನ್ನು ಪೂರ್ತಿ ನೋಡಿದ್ದು ಅವಳ ಮುಖದಲ್ಲಿ.

ಸೋಮವಾರ ಸಂಜೆ ಠಾಣೆಯಲ್ಲಿ ಗಾಡಿ ಹತ್ತಿದೆ, ನಾಲ್ಕನೇ ಸೀಟೂ ಸಿಕ್ಕಿತು. ದಿವಾ ಬಂತು. ಏಳಲಿಲ್ಲ. ಬದಲಾದ ಮನುಷ್ಯ ನಾನು, ಬೆಟ್ಟ ಹತ್ತಿಬಂದವನು! ಹೊಸ ಗಾಂಭೀರ್ಯದಿಂದ ಡೊಂಬಿವಲಿಯಲ್ಲೇ ಎದ್ದೆ. ಎದುರಿಗೆ ಜನರ ಗೋಡೆ. "ಉತರ್‌ನಾ ಹೈ" ಎಂದರೆ ಎಲ್ಲರೂ ನಕ್ಕರು. ಠಾಕುರ್ಲಿಯಲ್ಲೂ ಆಗಲಿಲ್ಲ. ಗಾಡಿ ಖಾಲಿಯಾದ ಮೇಲೆ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ವಸಂತಿಯ ಫೋನು ಬಂತು.

"ಎಲ್ಲಿದ್ದೀರಿ? ಚಪಾತಿ ಆರ್ತಾ ಉಂಟು."

"ಕಲ್ಯಾಣದಲ್ಲಿ. ಗಾಡಿ ಇಲ್ಲಿಗೇ ಮುಗಿಯಿತು."

ಅವಳು ನಗು ತಡೆದುಕೊಂಡು ಕೇಳಿದಳು: "ಹಾಗಾದ್ರೆ ಹೇಳಿ, ರಾಕ್ಷಸ ಸತ್ತನಾ?"