ನನ್ನ ಕಾಲ್ಬೆರಳಿನ ಬೆಳ್ಳಿ ಚಿಕಿತ್ಸೆ

ವಿಜ್ಞಾನದಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ ಹೆಚ್ಚು. ಮಗಳು ರಕ್ಷಾ ಮೂಡುಬಿದಿರೆಯ ಕಾಲೇಜಿನಲ್ಲಿ ಬೆಳ್ಳಿಯ ನ್ಯಾನೋ ಕಣಗಳಿಂದ ರೋಗಾಣು ಕೊಲ್ಲುವ ಪ್ರಯೋಗ ಮಾಡುತ್ತಿದ್ದಳು. ಅವಳ ಮದುವೆಗೆ ಸರಿಯಾಗಿ ಮೂರು ದಿನ ಇರುವಾಗ ನನ್ನ ಎಡಗಾಲಿನ ಎರಡನೆಯ ಬೆರಳ ಸಂದಿಯಲ್ಲಿ ಗದ್ದೆಯ ಕೆಸರಿನಿಂದಾಗುವ ಕೆಸರುಹುಣ್ಣು ಎದ್ದಿತು. ಮಂಟಪದಲ್ಲಿ ಬರಿಗಾಲಲ್ಲಿ ನಿಂತು ಧಾರೆ ಎರೆಯಬೇಕಾದವನು ನಾನು!

“ಬೆಳ್ಳಿಗೆ ಕ್ರಿಮಿ ಸಾಯ್ತದಾ ಮಗಾ?”

“ಸಾಯ್ತದೆ ಅಪ್ಪ. ಆದ್ರೆ...”

ಅಷ್ಟರಲ್ಲಿ ಅಡಿಗೆಯವರ ಫೋನ್ ಬಂತು. ‘ಆದ್ರೆ’ಯ ಮುಂದಿನ ಭಾಗವನ್ನು ನಾನು ಕೇಳಲಿಲ್ಲ.

ಯೋಚಿಸಿದೆ. ಮೂವತ್ತು ಮಳೆಗಾಲ ಅದೇ ಕೆಸರು ತುಳಿದ ನನ್ನ ಹೆಂಡತಿ ವನಜಾಳಿಗೆ ಈ ಹುಣ್ಣು ಬಂದದ್ದೇ ಇಲ್ಲ. ಕಾರಣ? ಕಾಲುಂಗುರ! ಕಪಾಟಿನಲ್ಲಿದ್ದ ಅವಳ ಹಳೆಯ ಕಾಲುಂಗುರವೊಂದನ್ನು ಬೆರಳಿಗೆ ಏರಿಸಿ, ಕ್ರಿಮಿಗಳು ತಪ್ಪಿಸಿಕೊಳ್ಳಬಾರದೆಂದು ಇಕ್ಕುಳದಿಂದ ಬಿಗಿದೆ. ಯಾರಿಗೂ ಕಾಣದಂತೆ ಕಾಲುಚೀಲ ಹಾಕಿಕೊಂಡೆ.

ಮದುವೆಯ ಬೆಳಿಗ್ಗೆ ನೋಡಿದರೆ ಬೆರಳು ಊದಿ ಗುಳ್ಳಬದನೆಯಾಗಿತ್ತು. ತೆಂಗಿನೆಣ್ಣೆ ಸುರಿದೆ. ಸೋಪು ತಿಕ್ಕಿದೆ. ಉಂಗುರ ಅಲುಗಲಿಲ್ಲ.

“ನಿಮ್ಗೆ ಮಂಡೆ ಸಮ ಉಂಟಾ?” ಎಂದಳು ವನಜಾ. “ಇವತ್ತು ಮದುಮಗಳು ಯಾರು, ನೀವಾ ಅವಳಾ?”

“ಪಂಚೆ ಸ್ವಲ್ಪ ಇಳಿಸಿ ಉಡ್ತೇನೆ. ಕಾಣುದಿಲ್ಲ.”

ಕಲ್ಲಡ್ಕದ ಸಭಾಭವನದಲ್ಲಿ ಧಾರೆ ನಿರ್ವಿಘ್ನವಾಗಿ ಮುಗಿಯಿತು. ಆಮೇಲೆ ವರನ ಕಡೆಯ ಕ್ರಮದಂತೆ ಅಳಿಯ ವಧುವಿಗೆ ಕಾಲುಂಗುರ ತೊಡಿಸಲು ಬಗ್ಗಿದ. ನಾನು ಮಗಳಿಗೆ ತಾಗಿಯೇ ನಿಂತಿದ್ದೆ; ಪಂಚೆ ಯಾವಾಗಲೋ ಮೇಲೆ ಸರಿದಿತ್ತು. ಅವನ ಕೈ ಅರ್ಧದಲ್ಲೇ ನಿಂತಿತು. ತಲೆಯೆತ್ತಿ ಬಹಳ ಮರ್ಯಾದೆಯಿಂದ ಕೇಳಿದ:

“ಮಾವ, ನಿಮ್ಗೆ ಯಾರು ಹಾಕಿದ್ದು?”

ಇಡೀ ಮಂಟಪ ನಕ್ಕಿತು. ವರನ ಚಿಕ್ಕಪ್ಪ ಡಾಕ್ಟರು. ಅವರು ಬೆರಳನ್ನು ಒತ್ತಿ ನೋಡಿದರು, ನಗಲಿಲ್ಲ.

“ನೀಲಿ ಆಗ್ತಾ ಉಂಟು ಮಾರ್ರೆ. ಈಗಲೇ ತೆಗೀದಿದ್ರೆ ಬೆರಳೇ ಹೋದೀತು.”

ಹೂವಿನ ಅಲಂಕಾರದವರ ತಂತಿ ಕಟ್ಟರ್ ಬಂತು. ಸಕಲ ಬಂಧುಬಳಗದ ಸಮ್ಮುಖದಲ್ಲಿ ಉಂಗುರ ತುಂಡಾಯಿತು. ಬೆರಳು ಉಳಿಯಿತು. ಉಂಗುರದ, ಕಾಲುಚೀಲದ ಕಥೆಯನ್ನೆಲ್ಲ ನಾನೇ ಒಪ್ಪಿಸಬೇಕಾಯಿತು.

“ಅಪ್ಪ, ಕಣ ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣದು, ಇಡೀ ಉಂಗುರ ಅಲ್ಲ!” ಎಂದಳು ರಕ್ಷಾ. “ಅದೂ ಇನ್ನೂ ಲ್ಯಾಬಿನ ತಟ್ಟೆಯಲ್ಲಿ ಉಂಟು. ಕಾಲಿಗೆ ಬರ್ಲಿಲ್ಲ.”

“ಸ್ವಲ್ಪವಾದ್ರೂ ಕ್ರಿಮಿ ಸತ್ತಿರ್ಬಹುದಾ ಡಾಕ್ಟ್ರೇ?” ಎಂದು ಕೇಳಿದೆ.

“ಮೂರು ದಿನ ಕಾಲುಚೀಲದೊಳಗೆ ಬೆಚ್ಚಗೆ ಸಾಕಿದ್ದೀರಿ. ಇಲ್ಲಿ ನೆಂಟರಿಗೂ ಅಷ್ಟು ಉಪಚಾರ ಆಗ್ಲಿಲ್ಲ.”

ಅವರು ಬರೆದುಕೊಟ್ಟ ಮುಲಾಮಿನಿಂದ ಹುಣ್ಣು ಮಾಯಿತು. ನಿನ್ನೆ ಮದುವೆಯ ಆಲ್ಬಮ್ ಬಂತು. ಕಾಲುಂಗುರ ತೊಡಿಸುವ ಚಿತ್ರ ಇಡೀ ಪುಟದಲ್ಲಿದೆ. ಸುತ್ತ ಗುಲಾಬಿ ಹೂಗಳ ಚೌಕಟ್ಟು. ಫೋಟೋದವರು ಬಹಳ ಶ್ರದ್ಧೆಯಿಂದ ಫೋಕಸ್ ಮಾಡಿದ್ದಾರೆ.

ಕಾಲು ನನ್ನದು.