ನಡುಮನೆಯ ಸಮುದ್ರ

ನಮ್ಮ ಮನೆಯ ನಡುಮನೆ ಒಂದು ಸಮುದ್ರ. ಇದು ನನ್ನ ಮಾತಲ್ಲ, ಮೊಹರು ಬಿದ್ದ ಕಾಗದದ ಮಾತು.

ಹೋದ ಸಲ ಕ್ಷೌರಕ್ಕೆ ಬಂದಾಗ, ಚಿರತೆಗೆ ಕೊಡೆ ಹಿಡಿದು ಕಾಡಿನ ತನಕ ಬಿಟ್ಟುಬಂದೆ ಅಂತ ಹೇಳಿದ್ನಲ್ಲ, ಅದರಲ್ಲಿ ಕೊಡೆ ಮಾತ್ರ ನಿಜ, ಒಪ್ಕೋತೀನಿ. ಈ ಸಲ ಹಾಗಲ್ಲಪ್ಪ. ನೀನು ಕತ್ತಿ ಮಸೆದು ನನ್ನ ಗಂಟಲ ಮೇಲೇ ಇಟ್ಕೊಂಡು ನಿಂತಿದ್ದೀಯ. ಇಂಥ ಹೊತ್ತಲ್ಲಿ ಸುಳ್ಳು ಹೇಳೋಕೆ ನನಗೇನು ತಲೆ ಕೆಟ್ಟಿದೆಯಾ? ಒಂದೊಂದು ಅಕ್ಷರಾನೂ ನಿಜ.

ಎಲ್ಲದಕ್ಕೂ ಮೂಲ ನನ್ನ ಷಡ್ಡಕ, ನಮ್ಮಾಕೆ ತಂಗಿಯ ಗಂಡ. ಅವನ ಮನೇಲಿ ಒಂದು ಗಾಜಿನ ತೊಟ್ಟಿ, ತೊಟ್ಟೀಲಿ ಉಪ್ಪುನೀರು, ಉಪ್ಪುನೀರಲ್ಲಿ ಒಂದೇ ಒಂದು ಪಟ್ಟೆ ಪಟ್ಟೆ ಮೀನು. ಅಲ್ಲಿಗೆ ಹೋದವರು ಮೊದಲು ಮೀನಿನ ಯೋಗಕ್ಷೇಮ ವಿಚಾರಿಸಬೇಕು, ಆಮೇಲೆ ಅವನದ್ದು. "ಭಾವ, ಕೆರೆ ಮೀನು ಯಾರು ಬೇಕಾದ್ರೂ ಸಾಕ್ತಾರೆ. ಸಮುದ್ರದ ಮೀನಿಗೆ ಗುಂಡಿಗೆ ಬೇಕು" ಅಂದ. ನಮ್ಮಾಕೆ ಎದುರಿಗೇ ಅಂದ.

ಮನೆಗೆ ಬಂದವನೇ ಟೇಪು ಹಿಡಿದು ನಡುಮನೆ ಅಳೆದೆ. ಇಪ್ಪತ್ತಡಿ ಉದ್ದ, ಹದಿನಾಲ್ಕಡಿ ಅಗಲ. ಐದಡಿ ಎತ್ತರಕ್ಕೆ ಗಾಜು ಕಟ್ಟಿದ್ರೆ ನಲವತ್ತು ಸಾವಿರ ಲೀಟರು.

"ಗೋಡೆಯಿಂದ ಗೋಡೆಗೆ ತೊಟ್ಟಿಯಾದ್ರೆ ನಾವೆಲ್ಲಿ ಕೂರೋದು?" ಅಂದ್ಲು ನಮ್ಮಾಕೆ.

"ಇಷ್ಟು ವರ್ಷ ಕೂತು ಏನು ಕಡಿದು ಗುಡ್ಡೆ ಹಾಕಿದ್ದೀವಿ? ಮೀನಾದ್ರೂ ಓಡಾಡ್ಲಿ ಬಿಡು."

"ಓಡಾಡ್ಲಿ. ಅಡುಗೆಮನೆ ಕಿಟಕಿ ಪಕ್ಕ ನನ್ನ ಹೊಲಿಗೆ ಮೆಷಿನ್ ಇದೆ. ಮೂವತ್ತೈದು ವರ್ಷದಿಂದ ಅಲ್ಲೇ ಇದೆ. ಅದು ಒಂದಂಗುಲ ಅಲುಗಾಡಿದ್ರೆ, ತೊಟ್ಟಿಗೆ ಮೊದಲು ಬೀಳೋದು ನೀವು."

ಮರುದಿನ ನಕ್ಷೆ ಬರೆದು ಅನುಮತಿಗೆ ಅಂತ ನಗರ ಕಚೇರಿಗೆ ಹೋದೆ. ಅಲ್ಲೊಬ್ಬ ಗುಮಾಸ್ತರು. ಕಾಲಂ ಸಾಹೇಬರು ಅಂತ್ಲೇ ಊರೆಲ್ಲ ಕರೆಯೋದು. ಅರ್ಜಿ ನಮೂನೆಯ ಕಾಲಮ್ಮಿನಲ್ಲಿ ಇಲ್ಲದ್ದು ಈ ಭೂಮಿ ಮೇಲೇ ಇಲ್ಲ ಅನ್ನೋರು.

"ಮೀನಿನ ತೊಟ್ಟಿ ಅಂತ ಕಾಲಂ ಇಲ್ಲ" ಅಂದ್ರು. "ನೀರು ಸಿಹಿಯೋ, ಉಪ್ಪೋ?"

"ಉಪ್ಪು, ಸ್ವಾಮಿ."

"ಛೆ. ಸಿಹಿ ಆಗಿದ್ರೆ ಕೆರೆ, ಕುಂಟೆ, ಬಾವಿ, ಹಳ್ಳ, ಏನಾದ್ರೂ ಮಾಡಬಹುದಿತ್ತು. ಉಪ್ಪಿಗೆ ಇರೋದು ಒಂದೇ ಕಾಲಂ. ಸಮುದ್ರ."

"ಮನೆಯೊಳಗೆ ಸಮುದ್ರವೇ?"

"ಎಲ್ಲಿ ಅಂತ ಕೇಳೋ ಕಾಲಂ ಇಲ್ಲ."

"ಸ್ವಾಮಿ, ಇನ್ನೂ ತೊಟ್ಟಿ ಕಟ್ಟಿಲ್ಲ. ಒಂದು ಚೊಂಬು ನೀರು ಸುರಿದಿಲ್ಲ. ಬರೀ ಯೋಚನೆ."

"ಅದು ನಿಮ್ಮ ಖಾಸಗಿ ವಿಷಯ" ಅಂತ ಹೇಳಿ ಟಪ್ ಅಂತ ಮೊಹರು ಒತ್ತಿದ್ರು.

ಹನ್ನೆರಡನೇ ದಿನಕ್ಕೆ ನೋಟಿಸು ಬಂತು. ಬಾಯಿಪಾಠ ಆಗಿದೆ, ಕೇಳು: "ಸದರಿ ಮನೆಯ ಒಳಭಾಗದಲ್ಲಿ ಸಮುದ್ರವೊಂದು ಇರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಸಮುದ್ರದಿಂದ ಐನೂರು ಅಡಿಯೊಳಗೆ ವಾಸದ ಮನೆ ಇರತಕ್ಕದ್ದಲ್ಲ. ಸದರಿ ಸಮುದ್ರಕ್ಕೂ ಸದರಿ ಮನೆಗೂ ಇರುವ ಅಂತರ ಸೊನ್ನೆ ಅಡಿ. ಆದಕಾರಣ ಮೂವತ್ತು ದಿನಗಳೊಳಗಾಗಿ ಮನೆಯನ್ನು ಕೆಡವತಕ್ಕದ್ದು. ಕೆಡವುವಾಗ ಸಮುದ್ರಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳತಕ್ಕದ್ದು." ಅಕ್ಕಪಕ್ಕದ ಮನೆಗಳಿಗೆ ಮಾತ್ರ ವಿನಾಯಿತಿ. ಅವರಿಗೆ ಗೋಡೆ ಅಡ್ಡ ಬಂದು ಸಮುದ್ರ ಕಾಣಲ್ಲವಂತೆ.

ಓಡಿದೆ ಕಚೇರಿಗೆ. "ಅರ್ಜಿ ವಾಪಸ್ ತಗೋತೀನಿ ಸಾಹೇಬ್ರೇ. ಸಮುದ್ರ ಬೇಡ."

"ಇರೋ ಸಮುದ್ರ ತೆಗೀಬೇಕಾದ್ರೆ ಏಳು ಇಲಾಖೆ ಒಪ್ಪಬೇಕು. ಮೊದಲು ಹಡಗಿನವರು ಬಂದು ಆಳ ನೋಡ್ತಾರೆ."

"ಆಳ ಎಲ್ಲಿಂದ ಬರಬೇಕು? ಬರೀ ನೆಲ ಇದೆ!"

"ಹಾಗಾದ್ರೆ ಹೂಳು ತುಂಬಿದೆ ಅಂತ ಬರೀತಾರೆ. ಸಮುದ್ರಕ್ಕೆ ಹೂಳು ತುಂಬಲು ಬಿಟ್ಟಿದ್ದಕ್ಕೆ ನಿಮ್ಮ ಮೇಲೆ ಇನ್ನೊಂದು ನೋಟಿಸು."

ದಿನ ಕಳೀತಾ ಬಂತು. ನಾನು ಅನ್ನ ನೀರು ಬಿಟ್ಟೆ. ಸರಿ, ಅನ್ನ ಮಾತ್ರ ಬಿಟ್ಟೆ, ಅದೂ ಒಂದು ಹೊತ್ತು. ನಗಬೇಡ, ಕತ್ತಿ ಅಲ್ಲಾಡತ್ತೆ. ನಮ್ಮಾಕೆ ಮಾತ್ರ ಹೊಲಿಗೆ ನಿಲ್ಲಿಸಲಿಲ್ಲ. ಇನ್ನು ಐದು ದಿನ ಇದೆ ಅನ್ನೋವಾಗ ದಾರ ಕಚ್ಚಿ ತುಂಡು ಮಾಡಿ, ಎದ್ದು, ತಾನೇ ಕಚೇರಿಗೆ ಹೋದಳು.

"ಏನ್ರೀ ಸಾಹೇಬ್ರೇ, ಸಮುದ್ರದ ಪಕ್ಕ ಈ ಪ್ರಪಂಚದಲ್ಲಿ ಯಾರೂ ಇರೋದೇ ಇಲ್ವಾ?"

"ಮೀನುಗಾರರಾದ್ರೆ ಇರಬಹುದು, ತಾಯಿ. ಕಾಲಂ ಇದೆ."

"ಹಾಗಾದ್ರೆ ಬರ್ಕೊಳ್ಳಿ. ನಮ್ಮ ಯಜಮಾನರು ಮೀನುಗಾರರು."

ಬರೀ ಬಾಯಿಮಾತಿಗೆ ಆಗುತ್ತಾ? ಪರೀಕ್ಷೆ ಆಗಬೇಕು. ದಡದ ಇನ್ಸ್‌ಪೆಕ್ಟರ್ ಮೇಡಂ ಬಂದ್ರು, ಹಿಂದೆ ಕಡತ ಎತ್ಕೊಂಡು ಕಾಲಂ ಸಾಹೇಬರು. ಹೊಸ್ತಿಲ ಹತ್ತಿರ ಇಬ್ಬರೂ ಚಪ್ಪಲಿ ಬಿಟ್ಟು, ಬಟ್ಟೆ ಮೊಣಕಾಲ ತನಕ ಎತ್ತಿ, ನಿಧಾನಕ್ಕೆ ಕಾಲಿಟ್ರು. "ಇವತ್ತು ಸಮುದ್ರ ಶಾಂತವಾಗಿದೆ" ಅಂತ ಮೇಡಂ ಬರ್ಕೊಂಡ್ರು. ಒಣ ನೆಲ ನೋಡಿ, ಮುಖದ ಒಂದು ಗೆರೆ ಅಲ್ಲಾಡಿಸದೆ.

ನಮ್ಮಾಕೆ ಹಳೇ ಸೊಳ್ಳೆಪರದೆ ಅಂಚಿಗೆ ಮನೇಲಿದ್ದ ಬೀಗದ ಕೈಯನ್ನೆಲ್ಲ ಹೊಲಿದು ಬಲೆ ಮಾಡಿದ್ಲು. "ಬೀಸಿ" ಅಂದ್ರು ಮೇಡಂ. ಮನೆ ಉಳಿಯೋದೋ ಬೀಳೋದೋ ಈ ಒಂದು ಬೀಸಲ್ಲಿದೆ. ಕಣ್ಣು ಮುಚ್ಚಿ ಬೀಸಿದೆ. ಬಲೆ ಗಾಳೀಲಿ ಅರಳಿ, ತಿರುಗಿ, ಸೀದಾ ಕಾಲಂ ಸಾಹೇಬರ ಮೇಲೆ ಬಿತ್ತು.

ಮೇಡಂ ಪೆನ್ನಿನ ಮುಚ್ಚಳ ತೆಗೆದ್ರು. "ಬಲೆಗೆ ಬಿದ್ದದ್ದೇನು?"

ಪರದೆ ಒಳಗಿಂದಲೇ ಸಾಹೇಬರ ದನಿ ಬಂತು. "ಮೇಡಂ, ಬಲೆಗೆ ಬಿದ್ದದ್ದು ಅಂದ್ರೆ ಒಂದೇ ಕಾಲಂ ಇರೋದು. ಮೀನು."

"ತೂಕ?"

"ಎಪ್ಪತ್ತೆರಡು ಕೆಜಿ."

"ಸ್ಥಿತಿ?"

"ಜೀವಂತ. ಸ್ವಲ್ಪ ಬೆವರಿದೆ."

"ಸಾಕ್ಷಿ ಸಹಿ?"

ಸಾಹೇಬರು ಪರದೆ ತೂತಿನಿಂದ ಕೈ ಆಚೆ ಹಾಕಿ ತಾವೇ ಸಹಿ ಮಾಡಿದ್ರು. ನಾನು ಮೀನುಗಾರ ಅಂತ ಪ್ರಮಾಣಪತ್ರ ಅಲ್ಲೇ ಕೈಗೆ ಬಂತು. ಮನೆ ಉಳೀತು. ನಮ್ಮಾಕೆ ಹೋಗಿ ಮೆಷಿನ್ ಮುಂದೆ ಕೂತ್ಲು. ಸ್ವಲ್ಪ ಹೊತ್ತಿಗೆ ಚಕ್ರ ತಿರುಗೋ ಸದ್ದು ಬಂತು. ಆಗ ನಾನು ಉಸಿರು ಬಿಟ್ಟೆ.

ಈಗ ಎಲ್ಲರಿಗೂ ಅಭ್ಯಾಸ ಆಗೋಗಿದೆ. ಮೀನು ಮರಿ ಮಾಡೋ ಕಾಲ ಅಂತ ಎರಡು ತಿಂಗಳು ನಡುಮನೆಗೆ ಪ್ರವೇಶ ನಿಷೇಧ, ಹಿತ್ತಲ ಬಾಗಿಲಿಂದ ಓಡಾಡ್ತೀವಿ. ಕಾಲಂ ಸಾಹೇಬರೂ ಮೀನಿನ ಪಟ್ಟೀಲಿ ಇರೋದ್ರಿಂದ ಆ ಎರಡು ತಿಂಗಳು ರಜೆ ಕೇಳಿದ್ರು, ಮಂಜೂರಾಯ್ತು. ಪಕ್ಕದ ಮನೆಯವರು ಸಂಜೆ ಬಂದು ನಮ್ಮ ಜಗಲೀಲಿ ಕೂತು, "ಏನು ತಂಪು ಗಾಳಿ ಕಣ್ರೀ" ಅಂತಾರೆ. ಷಡ್ಡಕ ತನ್ನ ಮೀನಿಗೆ ಹವಾ ಬದಲಾವಣೆ ಆಗಲಿ ಅಂತ ತೊಟ್ಟಿ ಸಮೇತ ಬಂದು ಒಂದು ವಾರ ಇದ್ದ. ಹೋಗ್ತಾ, "ಭಾವ, ನಿಮ್ಮದು ದೊಡ್ಡದು" ಅಂತ ಒಪ್ಕೊಂಡ.

ಆದ್ರೆ ಸಮುದ್ರ ಅಂದ್ಮೇಲೆ ನಂಬೋ ಹಾಗಿಲ್ಲ ನೋಡು. ಮೊನ್ನೆ ಬಿರುಗಾಳಿ ಎಚ್ಚರಿಕೆ ಬಂತು. ಬಂದು ಅರ್ಧ ಗಂಟೆ ಆಗಿಲ್ಲ, ನಡುಮನೆಯಿಂದ ತೆಂಗಿನಮರದೆತ್ತರ ಅಲೆ ಎದ್ದು ಅಡುಗೆಮನೆಗೆ ನುಗ್ತು. ನಾನು ಪಂಚೆ ಕಟ್ಟಿ ಧುಮುಕಿದೆ. ಒಂದು ಕೈಲಿ ಮೆಷಿನ್, ಒಂದು ಕೈಲಿ ನಮ್ಮಾಕೆ, ಮೂಗಿನ ತನಕ ಉಪ್ಪುನೀರು, ಮುಕ್ಕಾಲು ಗಂಟೆ ಈಜಿ...

ಏನು? ಏನಂದೆ?

ನೀರೇ ಸುರಿದಿಲ್ಲ ಅಂತ ನಾನೇ ಹೇಳಿದ್ನಾ? ಯಾವಾಗ?

ಹೌದಾ.

...ಈ ಕಡೆ ಕೆನ್ನೆ ಹಾಗೇ ಉಳಿದಿದೆ, ಅದನ್ನ ನೋಡಪ್ಪ ನೀನು.