ಸನ್‌ರೂಫ್ ಇಲ್ಲದ ಕನ್ನಡಕ

ತಪ್ಪೆಲ್ಲ ಎರಡು ಹಳದಿ ಚೀಟಿಗಳದು. ಒಂದೇ ಅಳತೆ, ಒಂದೇ ಬಣ್ಣ, ಒಂದೇ ಪುಸ್ತಕದಿಂದ ಹರಿದವು. ಅವಳಿ ಮಕ್ಕಳಂತೆ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿದ್ದವು. ಹೆತ್ತ ತಾಯಿಗಾದರೆ ಗುರುತು ಸಿಗುತ್ತಿತ್ತು; ಬರೆದ ಡಾಕ್ಟರಿಗೆ ಸಿಗಲಿಲ್ಲ.

ಅವರು ನಿಜವಾಗಿ ಡಾಕ್ಟರೇನೂ ಅಲ್ಲ. ಇಪ್ಪತ್ತೆರಡು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದರು. ಬಿಳಿ ಕೋಟು ಹಾಕಿಕೊಂಡು, ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಕಬ್ಬಿಣದ ಫ್ರೇಮು ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು, "ಇದು ಸ್ಪಷ್ಟನಾ, ಅದು ಸ್ಪಷ್ಟನಾ?" ಎಂದು ಕೇಳುತ್ತಿದ್ದರು. ಕೋಟು ನೋಡಿದ ಜನ 'ಡಾಕ್ಟ್ರೇ' ಎಂದರು. ಜನರ ಮಾತನ್ನು ತೆಗೆದುಹಾಕುವುದು ಮರ್ಯಾದೆಯಲ್ಲವೆಂದು ಇವರು ಓಗೊಟ್ಟರು.

ಈ ಡಾಕ್ಟರು ಹೊಸ ಕಾಂಪ್ಯಾಕ್ಟ್ ಎಸ್‌ಯುವಿ ಬುಕ್ ಮಾಡಿದ್ದರು. ಬುಕ್ ಮಾಡಿದ್ದು ಸುಲಭವಾಯಿತು. ಅದಕ್ಕೆ ಏನೇನು ಬೇಕೆಂದು ಹೇಳುವುದು ಸುಲಭವಾಗಲಿಲ್ಲ. ಹದಿನಾಲ್ಕು ಪುಟದ ಆಪ್ಷನ್ ಪಟ್ಟಿ ಮನೆಗೆ ಬಂದು ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ಅದನ್ನು ಓದದೇ ಉಳಿದವರು ಹಾಲಿನವನು ಮತ್ತು ಬೆಕ್ಕು, ಇಬ್ಬರೇ. ಪಟ್ಟಿ ಕಳಿಸಲು ಇವತ್ತು ಮಧ್ಯಾಹ್ನ ಹನ್ನೆರಡೇ ಕೊನೆಯ ಗಡುವು.

"ನಾನೇ ತೀರ್ಮಾನ ಮಾಡ್ತೀನಿ," ಎಂದರು ಡಾಕ್ಟರು, ಬೆಳಗಿನ ಕಾಫಿ ಲೋಟ ಟಕ್ಕನೆ ಇಟ್ಟು. "ದಿನಾ ನಲವತ್ತು ಜನರ ಕೈಲಿ ಇದಾ ಅದಾ ಅಂತ ತೀರ್ಮಾನ ಮಾಡಿಸೋನು ನಾನು. ನನಗೆ ಒಂದು ಕಾರು ದೊಡ್ಡದಾ?"

"ಮಾಡಿ, ಯಾರು ಬೇಡ ಅಂದ್ರು?" ಎಂದಳು ಹೆಂಡತಿ. "ಕೆಂಪು ಬಣ್ಣ, ಮೇಲೆ ಸನ್‌ರೂಫು. ನಾನು ಕೂತು ಹೋದ್ರೆ ನಾಲ್ಕು ಜನ ತಿರುಗಿ ನೋಡ್ಬೇಕು. ಮಿಕ್ಕಿದ್ದೆಲ್ಲ ನಿಮ್ಮಿಷ್ಟ."

"ಸನ್‌ರೂಫಾ?" ಪೇಪರಿನ ಹಿಂದಿನಿಂದ ಮಾವನ ದನಿ ಬಂತು. ಮಗಳ ಮನೆಗೆ ನಾಲ್ಕು ದಿನ ಇದ್ದು ಹೋಗಲೆಂದು ಬಂದ ಅವರಿಗೆ ಇದು ಐದನೇ ತಿಂಗಳು. "ಮನೆ ಸೂರಲ್ಲಿ ತೂತು ಬಿದ್ರೆ ದುಡ್ಡು ಕೊಟ್ಟು ಮುಚ್ಚಿಸ್ತೀವಿ. ಕಾರಿನ ಸೂರಿಗೆ ದುಡ್ಡು ಕೊಟ್ಟು ತೂತು ಹಾಕಿಸ್ತೀರಾ ಅಳಿಯಂದ್ರೇ? ನಾಲ್ಕು ಜನರ ಮುಂದೆ ಹೇಳೋ ಮಾತಾ ಇದು? ಬಣ್ಣವೂ ಬಿಳಿಯೇ ಇರ್ಲಿ, ಮರ್ಯಾದಸ್ಥರದ್ದು."

ಅಷ್ಟರಲ್ಲಿ ಕಾಂಪೌಂಡ್ ಗೋಡೆಯ ಆಚೆ ಒಂದು ಬೋಳು ತಲೆ ಸೂರ್ಯೋದಯದಂತೆ ಮೂಡಿತು. ಪಕ್ಕದ ಮನೆಯವರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರಾದ್ದರಿಂದ ಬೀದಿಗೆಲ್ಲ ಅವರು 'ಡಿಪೋ'.

"ಡಾಕ್ಟ್ರೇ, ಬಣ್ಣ ಸುಣ್ಣ ಏನಾದ್ರೂ ಮಾಡ್ಕೊಳ್ಳಿ. ಆಟೋಮ್ಯಾಟಿಕ್ ಗೇರ್ ಮಾತ್ರ ಮುಟ್ಬೇಡಿ! ಗೇರ್ ಹಾಕದೆ ಓಡಿಸೋದು ಅಂದ್ರೆ ಅಗಿಯದೆ ನುಂಗಿದ ಹಾಗೆ. ಮೈಗೆ ಹತ್ತಲ್ಲ."

ಡಾಕ್ಟರು ಅಂಗಡಿಗೆ ಹೊರಡಲು ಸ್ಕೂಟರ್ ಹತ್ತಿದರು. ಆ ಸ್ಕೂಟರನ್ನು ಆರಿಸಿದ್ದು ಅವರ ಅಪ್ಪ. ಅಂಗಡಿ ಆರಿಸಿದ್ದು ಅಣ್ಣ. ಹೆಂಡತಿಯನ್ನು ಆರಿಸಿದ್ದು ಸೋದರತ್ತೆ. ಮೀಸೆ ಬೇಡವೆಂದು ತೀರ್ಮಾನಿಸಿದ್ದು ಹೆಂಡತಿ. ಐವತ್ತು ತುಂಬುತ್ತ ಬಂದಿದ್ದ ಅವರಿಗೆ ಒಂದೇ ಒಂದು ವಸ್ತುವಾದರೂ ತನ್ನ ಕಣ್ಣಿಗೆ ಚೆನ್ನಾಗಿ ಕಂಡದ್ದು ಬೇಕೆನ್ನಿಸಿತ್ತು. ಅವರ ಮನಸ್ಸಿನಲ್ಲಿದ್ದದ್ದು ಮಳೆಮೋಡದ ಬಣ್ಣದ ಗಾಡಿ. ಆಟೋಮ್ಯಾಟಿಕ್ ಗೇರು. ಸದ್ದಿಲ್ಲ, ಗದ್ದಲವಿಲ್ಲ. ಯಾರೂ ತಿರುಗಿ ನೋಡಬಾರದು.

ಹನ್ನೊಂದೂವರೆಗೆ ಅಂಗಡಿಗೆ ಸಂಗೀತದ ಮೇಡಂ ಬಂದರು. ಐವತ್ತು ಮಕ್ಕಳಿಗೆ ಪಾಠ ಹೇಳುವ ಅವರು ಮಾತನ್ನೂ ಆಲಾಪನೆಯಂತೆ ಎಳೆದೇ ಆಡುತ್ತಿದ್ದರು. ಕಣ್ಣು ನೋಡಿದ್ದಾಯಿತು. ಹೊಸ ಕನ್ನಡಕಕ್ಕೆ ಏನು ಬೇಕೆಂದು ಅವರು ಹೇಳುತ್ತ ಹೋದರು, ಡಾಕ್ಟರು ಹಳದಿ ಚೀಟಿಯಲ್ಲಿ ಬರೆಯುತ್ತ ಹೋದರು.

"ಚಿನ್ನದ ಬಣ್ಣ ಇರ್ಲಿ. ಗ್ಲಾಸಿಗೆ ಕಂದು ಛಾಯೆ, ಬಿಸಿಲಿಗೆ ಹೋದ್ರೆ ಕಪ್ಪಾಗ್ಬೇಕು. ಗೀರು ಬೀಳಬಾರದು. ಮೂಗಿನ ಹತ್ರ ಮೆತ್ತನೆ ಪ್ಯಾಡು. ಪಕ್ಕದಲ್ಲಿ ಸಣ್ಣದಾಗಿ ಹೂವಿನ ಡಿಸೈನು. ದೂರದ್ದು ಹತ್ತಿರದ್ದು ಎರಡೂ ಕಾಣ್ಬೇಕು."

ಡಾಕ್ಟರು ಬಲಗಣ್ಣಿಗೆ 'ಬಲ ಎರಡೂವರೆ' ಎಂದೂ, ಎಡಗಣ್ಣಿಗೆ 'ಎಡ ಎರಡು' ಎಂದೂ ಸೇರಿಸಿದರು. ಅದರ ನಡುವೆಯೇ ಫೋನು ಮೂರು ಸಲ ಹೊಡೆದುಕೊಂಡಿತು. ಮೊದಲು ಹೆಂಡತಿ: "ಕೆಂಪು ಅಂದ್ರೆ ಟೊಮೇಟೊ ಕೆಂಪಲ್ಲ, ಗೊತ್ತಾಯ್ತಲ್ಲ?" ಆಮೇಲೆ ಮಾವ: "ತೂತು ಬೇಡ!" ಕೊನೆಗೆ ಡಿಪೋ, ಏನೂ ಹೇಳದೆ ಬಾಯಲ್ಲಿ ಬರೀ ಗೇರ್ ಬದಲಾಯಿಸುವ ಸದ್ದು ಕೇಳಿಸಿದರು.

ಮೇಡಂ ಹೊರಟ ಮೇಲೆ ಡಾಕ್ಟರು ಗಡಿಯಾರ ನೋಡಿದರು. ಹನ್ನೆರಡಕ್ಕೆ ಎಂಟು ನಿಮಿಷ. ಎದೆಯುಬ್ಬಿಸಿ ಇನ್ನೊಂದು ಹಳದಿ ಚೀಟಿ ಹರಿದು ಬರೆದರು: 'ಮಳೆಮೋಡದ ಬಣ್ಣ. ಆಟೋಮ್ಯಾಟಿಕ್. ಸನ್‌ರೂಫ್ ಬೇಡ. ಹಿಂದೆ ಕ್ಯಾಮೆರಾ. ಹಿಂದಿನ ಸೀಟಿಗೂ ಎಸಿ. ಸ್ಟೆಪ್ನಿ ದೊಡ್ಡದೇ ಇರಲಿ.' ಎರಡೂ ಚೀಟಿಯ ಫೋಟೋ ತೆಗೆದರು. ಒಂದನ್ನು ಶೋರೂಮಿಗೂ ಇನ್ನೊಂದನ್ನು ಲೆನ್ಸ್ ಅರೆಯುವ ವರ್ಕ್‌ಶಾಪಿಗೂ ಕಳಿಸಿದರು. ಹತ್ತು ಜನ್ಮದ ಭಾರ ಇಳಿದಂತಾಯಿತು.

ಮೂರು ಗಂಟೆಗೆ ಅಂಚೆ ಕಚೇರಿಯ ಗುಮಾಸ್ತರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಹಳೆಯ ಕನ್ನಡಕ ತನ್ನ ಜೇಬಿಗೆ ಹಾಕಿಕೊಂಡು, ಪರೀಕ್ಷೆಯ ಫ್ರೇಮು ತೊಡಿಸಿದ್ದರು. ಫೋನು ಬಂತು. ವರ್ಕ್‌ಶಾಪಿನವರು.

"ಡಾಕ್ಟ್ರೇ, ಒಂದು ಡೌಟು. ಹಿಂದೆ ಕ್ಯಾಮೆರಾ ಅಂತ ಬರ್ದಿದೀರಲ್ಲ, ಕಿವಿ ಹಿಂದೇನಾ, ತಲೆ ಹಿಂದೇನಾ?"

"ಏನಂದ್ರಿ?"

"ಸನ್‌ರೂಫ್ ಬೇಡ ಅಂದಿದ್ದು ಒಳ್ಳೇದಾಯ್ತು. ಕನ್ನಡಕಕ್ಕೆ ಅದನ್ನ ನಾವು ಮಾಡಲ್ಲ. ಎಸಿ ಬೇಕಾದ್ರೆ ಟ್ರೈ ಮಾಡ್ಬಹುದು, ಕಂಪ್ರೆಸರ್ ಮಾತ್ರ ಅವ್ರೇ ಹೊತ್ಕೊಂಡು ಓಡಾಡ್ಬೇಕು."

ಡಾಕ್ಟರ ಮುಖ ಸುಣ್ಣದ ಗೋಡೆಯಾಯಿತು. ಇವರಿಗೆ ಕಾರಿನ ಚೀಟಿ ಹೋಗಿದೆಯೆಂದರೆ ಶೋರೂಮಿಗೆ ಹೋದದ್ದು? ಶೋರೂಮಿಗೆ ಫೋನು ಹಚ್ಚಿದರು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಒಂದು ಹೆಣ್ಣುದನಿ ಹನ್ನೊಂದು ಸಲ ಹೇಳಿತು. ಹನ್ನೆರಡನೆಯ ಸಲ ಕೇಳುವ ವ್ಯವಧಾನವಿಲ್ಲದೆ, ಸ್ಕೂಟರ್ ಇದ್ದದ್ದೂ ಮರೆತು, ಬೀದಿಗೆ ಓಡಿ ಆಟೋ ಹತ್ತಿದರು. ಹತ್ತಿ ನೋಡಿದರೆ ಪಕ್ಕದಲ್ಲಿ ಕಬ್ಬಿಣದ ಫ್ರೇಮು ಹೊತ್ತ ಗುಮಾಸ್ತರು.

"ನೀವ್ಯಾಕ್ರೀ ಬಂದ್ರಿ?"

"ನನ್ನ ಕನ್ನಡಕ ನಿಮ್ಮ ಜೇಬಲ್ಲಿದೆಯಲ್ಲ ಡಾಕ್ಟ್ರೇ. ಅದಿಲ್ದೆ ನಾನು ಬಾಗಿಲು ಯಾವುದು ಕಿಟಕಿ ಯಾವುದು ಅಂತ ಹೇಳಲಾರೆ. ನಿಮ್ಮ ಬಿಳಿ ಕೋಟು ಹಿಡ್ಕೊಂಡೇ ಬಂದೆ."

ಜೇಬಿನಿಂದ ಕನ್ನಡಕ ತೆಗೆಯಬೇಕೆಂಬುದೂ ಡಾಕ್ಟರಿಗೆ ಹೊಳೆಯಲಿಲ್ಲ. ಆಟೋ ಅಷ್ಟರಲ್ಲಿ ಹೊರಟಿತ್ತು.

ಶೋರೂಮಿನಲ್ಲಿ ಬುಕಿಂಗ್ ನೋಡಿಕೊಳ್ಳುವ ಹುಡುಗಿ ಮುಖವರಳಿಸಿಕೊಂಡು ಎದ್ದು ನಿಂತಳು. "ಬನ್ನಿ ಸಾರ್! ಇಷ್ಟು ವರ್ಷದಲ್ಲಿ ಇಂಥ ಆರ್ಡರ್ ನಾನು ನೋಡೇ ಇಲ್ಲ. ಮೊದಲು ಸ್ವಲ್ಪ ಕಷ್ಟ ಆಯ್ತು. ಆಮೇಲೆ ಒಂದೊಂದೇ ಬಿಡಿಸ್ದೆ."

ಅವಳು ಕಂಪ್ಯೂಟರಿನ ಪರದೆ ತಿರುಗಿಸಿದಳು. ಡಾಕ್ಟರು ನೋಡಿದರು. ಅಲ್ಲೊಂದು ಚಿನ್ನದ ಬಣ್ಣದ ಕಾರು ನಿಂತು ಫಳಫಳಿಸುತ್ತಿತ್ತು. ಕಂದು ಗಾಜು. ಬಾಗಿಲ ಮೇಲೆ ಹೂಬಳ್ಳಿ.

"ಚಿನ್ನದ ಬಣ್ಣ ಈ ವರ್ಷ ಯಾರೂ ತಗೊಂಡಿರ್ಲಿಲ್ಲ, ನೀವೇ ಮೊದಲು. ಮೂಗಿಗೆ ಮೆತ್ತನೆ ಪ್ಯಾಡ್ ಅಂದಿದ್ರಲ್ಲ, ಮುಂದಿನ ಬಂಪರಿಗೆ ರಬ್ಬರ್ ಗಾರ್ಡ್ ಹಾಕ್ಸಿದೀನಿ. ದೂರದ್ದು ಹತ್ತಿರದ್ದು ಅಂದ್ರೆ ತಾನೇ ಡಿಪ್ಪು ಡಿಮ್ಮು ಆಗೋ ಹೆಡ್‌ಲೈಟು. ಬಲ ಎರಡೂವರೆ, ಎಡ ಎರಡು ಅನ್ನೋದೊಂದೇ ಗೊತ್ತಾಗ್ಲಿಲ್ಲ..." ಅವಳು ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಈಗ ಗೊತ್ತಾಯ್ತು. ಸರಿಯಾಗೇ ಮಾಡಿದೀನಿ. ಬಲಗಡೆ ಡ್ರೈವರ್ ಸೀಟು ಎರಡೂವರೆ ಇಂಚು ಎತ್ತರ, ಎಡಗಡೆದು ಎರಡು."

ಡಾಕ್ಟರಿಗೆ ಸಿಟ್ಟು ನೆತ್ತಿಗೇರಿತು. ಎರಡೂವರೆ ಇಂಚಿನ ಮಾತು ನಿಜವಾಗಿದ್ದರಿಂದ ಇನ್ನೂ ಒಂದು ಇಂಚು ಹೆಚ್ಚಾಗೇ ಏರಿತು.

"ರೀ, ಅದು ಕನ್ನಡಕ!"

"ಎಲ್ಲಿ ಸಾರ್?"

ಗುಮಾಸ್ತರು ಈ ನಡುವೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಕಬ್ಬಿಣದ ಫ್ರೇಮು ಸರಿಮಾಡಿಕೊಂಡು ನೋಡುತ್ತಿದ್ದರು. "ಡಾಕ್ಟ್ರೇ, ಬಹಳ ಲಕ್ಷಣವಾಗಿದೆ. ಇದನ್ನೇ ಇಟ್ಕೊಳ್ಳಿ."

"ನಿಮ್ಮ ಕಣ್ಣು ಇನ್ನೂ ಅರ್ಧ ಟೆಸ್ಟ್ ಆಗಿದೆ. ಸುಮ್ನಿರಿ."

ಮ್ಯಾನೇಜರ್ ಬಂದರು. ಆರ್ಡರ್ ಕಂಪನಿಗೆ ಹೋಗಿಬಿಟ್ಟಿದೆ, ಇನ್ನು ಬದಲಾಯಿಸುವುದು ಹೊಳೆ ನೀರನ್ನು ಹಿಂದಕ್ಕೆ ತಿರುಗಿಸಿದ ಹಾಗೆ ಎಂದರು. ಆಮೇಲೆ ಶುರುವಾಯಿತು ಡಾಕ್ಟರ ವಾದ. ಅಂಥ ವಾದವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ. ಅಪ್ಪನ ಸ್ಕೂಟರು, ಅಣ್ಣನ ಅಂಗಡಿ, ಹೋದ ಮೀಸೆ, ಎಲ್ಲ ಹೇಳಿಕೊಂಡರು. ಮೇಜು ಗುದ್ದಿದರು. ಕೈ ನೋಯಿತು, ಇನ್ನೊಂದು ಕೈಯಲ್ಲಿ ಗುದ್ದಿದರು. ಒಂದು ಗಂಟೆಯ ಮೇಲೆ ಮ್ಯಾನೇಜರರ ಕಣ್ಣೇ ಒದ್ದೆಯಾಯಿತು. ಮೀಸೆ ಕಳೆದುಕೊಂಡವರಲ್ಲಿ ಅವರೂ ಒಬ್ಬರು.

"ಆಗ್ಲಿ ಸಾರ್. ನನ್ನ ಸ್ವಂತ ಜವಾಬ್ದಾರಿ ಮೇಲೆ ಒಂದು ಸಲ ಬದಲಾಯಿಸ್ತೀನಿ. ಒಂದೇ ಸಲ. ಆಮೇಲೆ ಆ ಬ್ರಹ್ಮ ಬಂದು ಕೇಳಿದ್ರೂ ಆಗಲ್ಲ ಅಂತ ಇಲ್ಲಿ ಸೈನ್ ಮಾಡಿ."

ಡಾಕ್ಟರು ಮಾಡಿದರು. ಹೆಸರಿನ ಕೆಳಗೆ ಎರಡು ಗೆರೆ ಎಳೆದು ಚುಕ್ಕಿ ಇಟ್ಟರು. ಗುಮಾಸ್ತರಿಗೆ ಅವರ ಕನ್ನಡಕ ಕೊಟ್ಟು, ಆಟೋ ಬಾಡಿಗೆಯನ್ನೂ ಕೊಟ್ಟು ಕಳಿಸಿದರು. ಮೇಡಂ ಚೀಟಿಯನ್ನು ಸರಿಯಾದ ವಿಳಾಸಕ್ಕೆ ದಾಟಿಸಿದರು. ಅಂಗಡಿಗೆ ವಾಪಸ್ ಬಂದು, ಬೀಗ ಹಾಕಿ, ಸ್ಕೂಟರ್ ಹತ್ತಿ ಮನೆಗೆ ಹೊರಟಾಗ ಇನ್ನೂ ಬಿಸಿಲಿತ್ತು. ದಾರಿಯಲ್ಲಿ ಮೂರು ಸಿಗ್ನಲ್ ಸಿಕ್ಕವು. ಮೂರರಲ್ಲೂ ನಿಂತು ತಮ್ಮಷ್ಟಕ್ಕೆ ನಕ್ಕರು. ಮನೆಯಲ್ಲಿ ಜಗಳವಾಗುತ್ತದೆ, ಆಗಲಿ. ಕೆಂಪಿಲ್ಲವೆಂದು ಒಬ್ಬಳು, ಬಿಳಿಯಿಲ್ಲವೆಂದು ಒಬ್ಬರು, ಗೇರಿಲ್ಲವೆಂದು ಇನ್ನೊಬ್ಬರು. ಇವತ್ತು ಕಂಪನಿಯನ್ನೇ ಬಗ್ಗಿಸಿದ ಗಂಡಸಿಗೆ ಇವರು ಯಾವ ಲೆಕ್ಕ?

ಹಾಲ್‌ಗೆ ಕಾಲಿಟ್ಟರೆ ಹೆಂಡತಿ, ಮಾವ, ಡಿಪೋ, ಮೂವರೂ ಒಂದೇ ಸೋಫಾದಲ್ಲಿ ಅಂಟಿಕೊಂಡು ಹೆಂಡತಿಯ ಫೋನಿಗೆ ತಲೆ ತಾಗಿಸಿ ಕೂತಿದ್ದರು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ನೋಡಿ, ಕಾರಿನ ವಿಷಯದಲ್ಲಿ ನಾನು..."

"ಅಯ್ಯೋ ರೀ!" ಹೆಂಡತಿ ಎದ್ದು ಓಡಿಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಇಪ್ಪತ್ತು ವರ್ಷದಲ್ಲಿ ಒಂದು ದಿನ ನಿಮ್ಮ ಟೇಸ್ಟ್ ಬಗ್ಗೆ ಒಳ್ಳೇ ಮಾತಾಡಿಲ್ಲ ನಾನು. ತಪ್ಪಾಯ್ತು. ಮಧ್ಯಾಹ್ನ ಶೋರೂಮ್‌ನಿಂದ ನನ್ನ ಫೋನಿಗೆ ಫೋಟೋ ಬಂತು. ಚಿನ್ನ ಕಣ್ರೀ! ಬಾಗಿಲ ಮೇಲೆ ಹೂವು! ಕೆಂಪೆಲ್ಲ ಇದರ ಮುಂದೆ ಯಾವ ಲೆಕ್ಕ? ನಾಲ್ಕಲ್ಲ, ನಲವತ್ತು ಜನ ತಿರುಗಿ ನೋಡ್ತಾರೆ."

"ತೂತಿಲ್ಲ," ಎಂದರು ಮಾವ, ಗದ್ಗದಿತರಾಗಿ. "ಬಿಳಿ ಅಂದಿದ್ದೆ ನಿಜ. ಆದ್ರೆ ಚಿನ್ನ ಅಂದ್ಮೇಲೆ ಚಿನ್ನ. ಹಿರಿಯರ ಮಾತು ಉಳಿಸಿದ್ರಿ ಅಳಿಯಂದ್ರೇ."

"ಮತ್ತೆ ಗೇರು!" ಡಿಪೋ ಸೋಫಾದ ಕೈಗೆ ಹೊಡೆದರು. "ಶೋರೂಮಿಗೆ ಫೋನ್ ಮಾಡಿ ಕೇಳ್ದೆ. ಆಟೋಮ್ಯಾಟಿಕ್ ಅಂತ ಡಾಕ್ಟ್ರು ಬರ್ದೇ ಇಲ್ಲ, ಕೈಯಿಂದ ಹಾಕೋ ಗೇರೇ ಬರುತ್ತೆ ಅಂದ್ಳು ಆ ಹುಡುಗಿ. ಗಂಡಸು ಅಂದ್ರೆ ನೀವು!"

ಡಾಕ್ಟರು ಫೋನಿನತ್ತ ಬಗ್ಗಿ ಫೋಟೋ ನೋಡಿದರು.

"ಫೋಟೋ ಎಲ್ರಿಗೂ ಕಳಿಸಿದೀನಿ," ಎಂದಳು ಹೆಂಡತಿ. "ನಿಮ್ಮಣ್ಣಂಗೆ, ನನ್ನ ತಂಗೀರಿಗೆ, ಸೋದರತ್ತೆಗೆ. ನಿಮ್ಮಣ್ಣ ಏನಂದ್ರು ಗೊತ್ತಾ? 'ನನ್ನ ತಮ್ಮ ಜೀವನದಲ್ಲಿ ಮೊದಲನೇ ಸಲ ಸರಿಯಾಗಿ ಒಂದು ಆರಿಸ್ದ' ಅಂದ್ರು!"

ಹೆಂಡತಿ ಅವರ ಕೋಟು ತಾನೇ ತೆಗೆದು ಮೊಳೆಗೆ ಹಾಕಿದಳು. ಮಾವ ಐದು ತಿಂಗಳಲ್ಲಿ ಮೊದಲ ಸಲ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಟ್ಟರು. ಆ ಕುರ್ಚಿಯಲ್ಲಿ ಗಾಳಿ ಎಷ್ಟು ಚೆನ್ನಾಗಿ ಬರುತ್ತದೆಂದು ಡಾಕ್ಟರಿಗೆ ಆಗಲೇ ಗೊತ್ತಾದದ್ದು. ಬಿಸಿ ಕಾಫಿ ಬಂತು. ಇಂಥ ಹೊತ್ತಿನಲ್ಲಿ ಸತ್ಯ ಹೇಳುವವನು ಒಂದೋ ಮಹಾತ್ಮ, ಇಲ್ಲವೇ ಮದುವೆಯಾಗದವನು. ಡಾಕ್ಟರು ಎರಡೂ ಅಲ್ಲ.

"ಮತ್ತೇನಂದ್ಕೊಂಡ್ರಿ?" ಎಂದರು ಕಾಲ ಮೇಲೆ ಕಾಲು ಹಾಕಿ. "ನಾನು ಆರಿಸಿದ್ದು ಅಂದ್ರೆ ಸುಮ್ನೇನಾ?"

ಕಾಫಿ ಮುಗಿಯುವಷ್ಟರಲ್ಲಿ ಅವರಿಗೂ ಅನುಮಾನ ಬರತೊಡಗಿತು. ಮಳೆಮೋಡದ ಬಣ್ಣ ಒಂದು ಬಣ್ಣವೇ? ಚಿನ್ನ ಚಿನ್ನವೇ. ಎರಡೂವರೆ ಇಂಚು ಎತ್ತರದ ಸೀಟೂ ಅನುಕೂಲವೇ. ಮೆಲ್ಲಗೆ ಎದ್ದು ಬಚ್ಚಲಮನೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ತಿರುಗಿಸಿ, ಶೋರೂಮಿಗೆ ಫೋನು ಮಾಡಿದರು. ಈ ಸಲ ಮೊದಲನೇ ಗಂಟೆಗೇ ಬುಕಿಂಗ್ ಹುಡುಗಿ ಎತ್ತಿದಳು.

"ಅಮ್ಮಾ, ಆ ಚಿನ್ನದ ಬಣ್ಣದ ಆರ್ಡರ್... ಅದನ್ನೇ ವಾಪಸ್ ಹಾಕೋಕಾಗುತ್ತಾ?"

"ಛೇ ಛೇ, ಹೆದರ್ಬೇಡಿ ಸಾರ್!" ಎಂದಳು ಹುಡುಗಿ ಧೈರ್ಯ ತುಂಬುತ್ತ. "ಅದು ಪೂರ್ತಿ ಕ್ಯಾನ್ಸಲ್ ಆಯ್ತು. ಇನ್ನು ಯಾರೂ ಬದಲಾಯಿಸೋ ಹಾಗಿಲ್ಲ, ಕಂಪನಿಯಿಂದ ಒಪ್ಪಿಗೆ ಬಂದಾಯ್ತು. ನೀವು ಹಠ ಹಿಡಿದು ಬದಲಾಯಿಸಿದ್ದು, ಸೈನ್ ಮಾಡಿದ್ದು, ಎಲ್ಲ ವಿವರವಾಗಿ ಬರ್ದು, ಹೊಸ ಫೋಟೋ ಜೊತೆ ಈಗ ತಾನೇ ನಿಮ್ಮ ಮನೆ ಮೇಡಂ ನಂಬರಿಗೆ ಕಳಿಸ್ದೆ."

ಹಾಲ್‌ನಲ್ಲಿ ಹೆಂಡತಿಯ ಫೋನು 'ಟಿಣ್' ಎಂದಿತು.

ಡಾಕ್ಟರು ನಲ್ಲಿ ನಿಲ್ಲಿಸಿದರು. ಆಮೇಲೆ ಮೂರು ದನಿ ಒಟ್ಟಿಗೇ ಎದ್ದವು.

"ರೀ!" "ಅಳಿಯಂದ್ರೇ!" "ಡಾಕ್ಟ್ರೇ!"

ಆ ಮನೆಯಲ್ಲಿ ಅಂದು ಎರಡನೆಯ ಸಲ ಮೂವರ ಅಭಿಪ್ರಾಯವೂ ಒಂದೇ ಆಗಿತ್ತು.